ಖಾಲಿ ಬಿಟ್ಟ ಹೆಸರು (ನಮ್ಮೂರ ಕಥೆ, ಸರಣಿ 4)

(1)

ಫೋಟೋದಲ್ಲಿ ಕಾಣ್ತಿರೋದು ಅಚ್ಯುತರಾಯ ಗುಡಿ ಮುಂದಿನ ಬೀದಿ. ಮಾತಂಗ ಬೆಟ್ಟದ ಮೇಲಿಂದ ಬೆಳಿಗ್ಗೆ ಆರೂವರೆಗೆ ತೆಗೆದಿದ್ದು. ಎರಡೂ ಕಡೆ ಕಲ್ಲುಕಂಬದ ಸಾಲು, ನಡುವೆ ಹುಲ್ಲು, ಪಕ್ಕಕ್ಕೊಂದು ಪುಷ್ಕರಣಿ. ಗುಡಿ 1534ರದ್ದು. ಶಾಸನದಲ್ಲಿ ಈ ಬೀದಿಯ ಹೆಸರು ಅಚ್ಯುತಪೇಟೆ. ಜನ ಕರೆಯೋದು ಬೇರೆ: ಸೂಳೆ ಬಜಾರ್.

ಎಂಟನೇ ಕ್ಲಾಸಲ್ಲಿ ನಮ್ಮನ್ನ ಹಂಪಿಗೆ ಕರ್ಕೊಂಡು ಹೋಗಿದ್ರು. ಹೊಸಪೇಟೆಯಿಂದ ಹಂಪಿಗೆ ಟ್ರಿಪ್ ಅಂದ್ರೆ ನಗು ಬರುತ್ತೆ, ಹದಿಮೂರು ಕಿಲೋಮೀಟರ್ ಅಷ್ಟೇ, ಆದ್ರೂ ಪುಳಿಯೋಗರೆ ಕಟ್ಕೊಂಡು ಬಸ್ಸಲ್ಲಿ ಹಾಡು ಹೇಳ್ಕೊಂಡು ಹೋಗಿದ್ವಿ. ಇಲ್ಲಿಗೆ ಬಂದಾಗ ಗೈಡ್ ಬೀದಿಯ ಹೆಸರು ಹೇಳಿದ. ನಾವು ಹುಡುಗ್ರು ಬಿದ್ದು ಬಿದ್ದು ನಕ್ವಿ. ನಾನೂ ನಕ್ಕೆ, ಸ್ವಲ್ಪ ಜಾಸ್ತೀನೇ ನಕ್ಕೆ. ಮೇಷ್ಟ್ರು ಮುಖ ಆಕಡೆ ತಿರುಗಿಸಿ 'ನಡೀರಿ ನಡೀರಿ, ವಿಠ್ಠಲ ಗುಡಿಗೆ ಲೇಟಾಗುತ್ತೆ' ಅಂದ್ರು.

ನಮ್ಮ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಪುಷ್ಕರಣಿ ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಬಿಚ್ಚಿ ಮತ್ತೆ ಕಟ್ತಾ ಇದ್ಲು. ಅದ್ಯಾಕೆ ಈಗ ಹೇಳ್ತಿದೀನಿ ಅಂತ ಕೊನೇ ಕಂತಿನಲ್ಲಿ ಗೊತ್ತಾಗುತ್ತೆ. ಅವಳನ್ನ ಕೇಳಿಯೇ ಬರೀತಿದೀನಿ. ಹೆಸರು ಹಾಕಲ್ಲ. ಗೊತ್ತಿರೋರು ಕಮೆಂಟಲ್ಲಿ ಊಹೆ ಮಾಡೋದು ಬೇಡ, ಮಾಡಿದ್ರೆ ಡಿಲೀಟ್ ಮಾಡ್ತೀನಿ.

(2)

ಮೊದಲು ಆ ಪದ. ಹಳೆಯ ಕನ್ನಡ ಶಾಸನಗಳಲ್ಲಿ ಗುಡಿಗೆ ಬಿಟ್ಟ ಭೂಮಿಯ ಲೆಕ್ಕ ಇರುತ್ತಲ್ಲ, ಪೂಜಾರಿಗೆ ಇಷ್ಟು, ಹೂವಾಡಿಗನಿಗೆ ಇಷ್ಟು, ವಾದ್ಯದವರಿಗೆ ಇಷ್ಟು ಅಂತ, ಅದೇ ಸಾಲಲ್ಲಿ ಸೂಳೆಯರಿಗೂ ಪಾಲು ಬರೆದಿರ್ತಾರೆ. ಬೈಗುಳ ಅಲ್ಲ, ಕೆಲಸದ ಹೆಸರು. ಕೆಲಸ ಹೋಯ್ತು, ಭೂಮಿ ಹೋಯ್ತು, ಬೈಗುಳ ಉಳೀತು. ನಾವು ಹತ್ತು ರೂಪಾಯಿ ಜಗಳಕ್ಕೂ ಅದನ್ನ ಬಳಸ್ತೀವಿ.

ಡೊಮಿಂಗೋ ಪಾಯಸ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿಗಳ ಜೊತೆ 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ. ಗುಡಿಯ ಹೆಣ್ಣುಮಕ್ಕಳ ಬಗ್ಗೆ ಅವನು ಬರೆದಿದ್ದರ ಸಾರಾಂಶ ಇದು: ಪಟ್ಟಣದ ಒಳ್ಳೊಳ್ಳೆ ಬೀದಿಗಳಲ್ಲಿ ಅವರ ಮನೆ. ಅವರ ಮನೆಗೆ ಹೋದ ದೊಡ್ಡ ಮನುಷ್ಯನನ್ನ ಯಾರೂ ತಪ್ಪು ಅನ್ನಲ್ಲ. ರಾಣಿಯರ ಹತ್ರ ಹೋಗಿ ಕೂತು ಎಲೆಅಡಿಕೆ ಹಾಕ್ಕೊಳ್ಳೋ ಹಕ್ಕು ಅವರಿಗಿತ್ತು, ಬೇರೆ ಯಾರಿಗೂ ಇರಲಿಲ್ಲ. ಅವರಿಗೆ ಹುಟ್ಟಿದ ಹೆಣ್ಣುಮಕ್ಕಳೂ ಗುಡಿಗೇ ಸೇರಬೇಕು. ಮಹಾನವಮಿಯಲ್ಲಿ ಅವರ ಮೈಮೇಲಿನ ಒಡವೆ ನೋಡಿ ಪಾಯಸ್ ಬೆಪ್ಪಾಗಿದ್ದಾನೆ.

ಇದನ್ನ ಓದಿ ಕೆಲವರು 'ನೋಡ್ರಿ, ನಮ್ಮ ಸಂಸ್ಕೃತಿಯಲ್ಲಿ ಹೆಣ್ಣಿಗೆ ಎಷ್ಟು ಗೌರವ' ಅಂತ ರೀಲ್ಸ್ ಮಾಡ್ತಾರೆ. ಸ್ವಲ್ಪ ತಡೀರಿ. ಆ ಕೊನೇ ಮಾತು ಮತ್ತೊಮ್ಮೆ ಓದಿ. ಮಗಳೂ ಗುಡಿಗೇ ಸೇರಬೇಕು. ಎಲೆಅಡಿಕೆ ಗೌರವ ಇರಬಹುದು, ಆದ್ರೆ ಮಗಳಿಗೆ 'ಒಲ್ಲೆ' ಅನ್ನೋ ದಾರಿ ಇತ್ತಾ?

ಪಾಯಸ್‌ಗಿಂತ ಮುಂಚೆ, 1443ರಲ್ಲಿ, ಎರಡನೇ ದೇವರಾಯನ ಕಾಲಕ್ಕೆ, ಹೆರಾತ್‌ನಿಂದ ಶಾರುಖ್ ಸುಲ್ತಾನನ ರಾಯಭಾರಿಯಾಗಿ ಅಬ್ದುರ್ ರಜಾಕ್ ಬಂದಿದ್ದ. (ಹೌದು, ಆ ಸುಲ್ತಾನನ ಹೆಸರೇ ಶಾರುಖ್. ನಗಬೇಡ್ರಿ.) ಅವನು ಒಂದು ವಿಚಿತ್ರ ಲೆಕ್ಕ ಕೊಡ್ತಾನೆ. ಟಂಕಸಾಲೆಯ ಎದುರಿಗೆ ನಗರದ ಕೊತ್ವಾಲನ ಕಚೇರಿ, ಅದರ ಕೈಕೆಳಗೆ 12,000 ಕಾವಲಿನವರು, ಅವರ ಸಂಬಳ ದಿನಕ್ಕೆ 12,000 ಪಣ. ಆ ದುಡ್ಡು ಬರ್ತಿದ್ದದ್ದು ವೇಶ್ಯಾಗೃಹಗಳ ವರಮಾನದಿಂದ.

ಹನ್ನೆರಡು ಸಾವಿರ ಅನ್ನೋದು ಕೇಳಿ ಬರೆದ ದುಂಡು ಸಂಖ್ಯೆ ಥರ ಇದೆ, ಅದನ್ನ ಬಿಡಿ. ದುಡ್ಡು ಹರಿದ ದಾರಿ ನೋಡಿ. ಊರಿನ ಮಾನ ಕಾಯೋ ಪೊಲೀಸಿಗೆ ಸಂಬಳ, ಊರು ಮಾನ ಇಲ್ಲ ಅಂದ ಹೆಣ್ಣಿನ ದುಡಿಮೆಯಿಂದ. ಸರ್ಕಾರ ಮದ್ಯದ ಮೇಲಿನ ಸುಂಕದಲ್ಲಿ ಯೋಜನೆ ನಡೆಸಿ, ಇನ್ನೊಂದು ಕಡೆ ಮದ್ಯಪಾನ ಬಿಡಿ ಅಂತ ಗೋಡೆ ಮೇಲೆ ಬರೆಸೋದು ನೋಡಿದಾಗ ನಂಗೆ ರಜಾಕ್ ನೆನಪಾಗ್ತಾನೆ. ಪಾರ್ಟಿ ಯಾವುದಾದ್ರೂ ಇರ್ಲಿ, ಇದರಲ್ಲಿ ಎಲ್ಲರೂ ಒಂದೇ.

(3)

ಈಗ ನಮ್ಮೂರಿನ ಹೆಸರಿಗೆ ಬರೋಣ. ಹೊಸಪೇಟೆಯ ಹಳೇ ಹೆಸರು ನಾಗಲಾಪುರ. ಕಟ್ಟಿಸಿದ್ದು ಕೃಷ್ಣದೇವರಾಯ. ಯಾರ ನೆನಪಿಗೆ? ನಮಗೆ ಶಾಲೆಯಲ್ಲಿ ಹೇಳಿದ್ದು: ತಾಯಿ ನಾಗಲಾಂಬಿಕೆಯ ನೆನಪಿಗೆ. ಇದಕ್ಕೆ ಆಧಾರ ಇಲ್ಲ ಅಂತಲ್ಲ. ತುಳುವ ವಂಶದ ಶಾಸನಗಳಲ್ಲಿ ನರಸನಾಯಕನ ಹೆಂಡಂದಿರ ಹೆಸರಿದೆ, ಕೃಷ್ಣರಾಯ ನಾಗಲೆಯ ಮಗ. ನಾಗಲೆಯಿಂದ ನಾಗಲಾಪುರ, ಸಲೀಸಾಗಿ ಕೂಡುತ್ತೆ.

ಆದ್ರೆ ಊರು ಇನ್ನೂ ಹೊಸದಾಗಿದ್ದಾಗ ಇಲ್ಲೇ ಓಡಾಡಿದ್ದ ಪಾಯಸ್ ಬೇರೆ ಕಥೆ ಹೇಳ್ತಾನೆ. ರಾಜನಿಗೆ ಮುಖ್ಯವಾಗಿ ಮೂರು ಜನ ರಾಣಿಯರು. ಒಬ್ಬಳು ಒಡಿಶಾದ ರಾಜನ ಮಗಳು, ಒಬ್ಬಳು ಶ್ರೀರಂಗಪಟ್ಟಣದ ಕಡೆಯ ದೊರೆಯ ಮಗಳು. ಮೂರನೆಯವಳು ಒಬ್ಬ ಗಣಿಕೆ. ಪಟ್ಟ ಸಿಗೋಕೆ ಮುಂಚೆ, ಹುಡುಗನಾಗಿದ್ದಾಗಲೇ ಅವನು ಅವಳನ್ನ ಇಷ್ಟಪಟ್ಟಿದ್ದ. ರಾಜನಾದ್ರೆ ಮದುವೆ ಆಗ್ಬೇಕು ಅಂತ ಅವಳು ಮಾತು ತಗೊಂಡಿದ್ಲು. 1509ರಲ್ಲಿ ಪಟ್ಟ ಸಿಕ್ತು, ಮಾತು ಉಳಿಸ್ಕೊಂಡ. ಅವಳ ಮೇಲಿನ ಪ್ರೀತಿಗೆ ಈ ಹೊಸ ಊರು ಕಟ್ಟಿಸಿದ, ಅದರ ಹೆಸರು...

ಅಲ್ಲಿ ಹೆಸರಿಲ್ಲ! ಜಾಗ ಖಾಲಿ. ಪಾಯಸ್‌ಗೆ ಗೊತ್ತಿರಲಿಲ್ವೋ, ಆಮೇಲೆ ಕೇಳಿ ತುಂಬೋಣ ಅಂತ ಬಿಟ್ಟನೋ, ನಕಲು ಮಾಡಿದವನು ಬಿಟ್ಟನೋ, ಯಾರಿಗ್ಗೊತ್ತು. ಆ ಹಸ್ತಪ್ರತಿ ಪ್ಯಾರಿಸ್‌ನ ಗ್ರಂಥಾಲಯದಲ್ಲಿತ್ತು, 1897ರಲ್ಲಿ ಲಿಸ್ಬನ್‌ನಲ್ಲಿ ಡೇವಿಡ್ ಲೋಪೆಸ್ ಅಚ್ಚು ಹಾಕಿಸಿದರು, 1900ರಲ್ಲಿ ಮದ್ರಾಸ್ ಸಿವಿಲ್ ಸರ್ವಿಸಿನ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದರು. ಇಷ್ಟು ಕೈ ದಾಟಿದ್ರೂ ಆ ಜಾಗ ಖಾಲಿಯಾಗೇ ಬಂತು. ಲೈಬ್ರರಿಯಲ್ಲಿ ಆ ಪುಟ ಮೊದಲ ಸಲ ನೋಡಿದಾಗ ಪ್ರಿಂಟಿಂಗ್ ಮಿಸ್ಟೇಕ್ ಅಂದ್ಕೊಂಡಿದ್ದೆ.

ಒಂದು ಹದಿನೈದು ವರ್ಷ ಆದ್ಮೇಲೆ ಬರೆದ ನ್ಯೂನಿಜ್ ಎಂಬ ಇನ್ನೊಬ್ಬ ಕುದುರೆ ವ್ಯಾಪಾರಿ ಇದೇ ಪ್ರೀತಿಯ ಕಥೆ ಹೇಳ್ತಾನೆ, ಅವಳ ಹೆಸರು ಚಿನ್ನಾದೇವಿ ಅಂತಾನೆ. ಚಿನ್ನಾದೇವಿ ಕಟ್ಟುಕಥೆ ಅಲ್ಲ. ತಿರುಮಲೆಯಲ್ಲಿ ರಾಯನ ಆಚೆ ಈಚೆ ತಿರುಮಲಾದೇವಿ, ಚಿನ್ನಾದೇವಿ ಇಬ್ಬರ ಲೋಹದ ಮೂರ್ತಿಗಳಿವೆ, ಕೈ ಮುಗಿದು ನಿಂತಿದ್ದಾರೆ. ತಿರುಪತಿಗೆ ಹೋದೋರು ಎಷ್ಟು ಜನ ನೋಡಿದೀರಿ?

ನನ್ನ ಅಭಿಪ್ರಾಯ ಕೇಳಿದ್ರೆ, ಹೆಸರಿನ ಮಟ್ಟಿಗೆ ತಾಯಿಯ ಪಕ್ಷ ಗಟ್ಟಿ. ಪ್ರೇಯಸಿ ಚಿನ್ನಾದೇವಿ ಆಗಿದ್ರೆ ಊರು ಚಿನ್ನಾಪುರ ಆಗ್ಬೇಕಿತ್ತಲ್ಲ. ಆದ್ರೆ ಊರಲ್ಲಿ ಓಡಾಡಿದ ಪರದೇಶಿಯ ಕಿವಿಗೆ ಬಿದ್ದ ಮಾತನ್ನೂ ತಳ್ಳಿ ಹಾಕೋಕಾಗಲ್ಲ. ಇದನ್ನ ಒಂದು ಕಾರ್ಯಕ್ರಮದಲ್ಲಿ ಹೇಳೋಕೆ ಹೋದಾಗ ದೊಡ್ಡೋರೊಬ್ರು 'ರಾಯರ ಬಗ್ಗೆ ಅಂಥ ಮಾತು ಆಡಬಾರದು' ಅಂತ ಮೈಕ್ ಇಸ್ಕೊಂಡ್ರು. ಅದೇ ಪಾಯಸ್ ಇನ್ನೊಂದೂ ಬರೆದಿದ್ದಾನೆ. ಊರಿಗೆ ನೀರು ತರೋ ಕೆರೆ ಕಟ್ಟೆ ಎರಡು ಮೂರು ಸಲ ಒಡೀತು, ರಾಜ ಬ್ರಾಹ್ಮಣರನ್ನ ಕೇಳಿದ, ಬಲಿ ಕೊಡಬೇಕು ಅಂದ್ರು, ಗುಡಿ ಮುಂದೆ 60 ಜನರ ತಲೆ ಕಡಿಸಿದ. ಅದನ್ನ ಕಥೆ ಥರ ಹೇಳಿದ್ರೆ ಯಾರೂ ಮೈಕ್ ಇಸ್ಕೊಳ್ಳಲ್ಲ. ರಾಜ ಅರವತ್ತು ತಲೆ ತೆಗೆಸಿದ್ರೆ ಮರ್ಯಾದೆ ಹೋಗಲ್ಲ, ಒಬ್ಬ ಕುಣಿಯೋ ಹುಡುಗಿಗೆ ಕೊಟ್ಟ ಮಾತು ಉಳಿಸ್ಕೊಂಡ್ರೆ ಹೋಗುತ್ತೆ!

(4)

ಕಂಪ್ಲಿಯ ಫ್ರೆಂಡ್ಸ್ 'ನಮ್ಮೂರು ಯಾವಾಗ' ಅಂತ ಕೇಳ್ತಾನೇ ಇದೀರಿ. ಚಿಕ್ಕದಾಗಿ ಇಲ್ಲೇ.

ಕಂಪಿಲಿಯ ರಾಜ ಕಂಪಿಲರಾಯ, ಅವನ ಮಗ ಕುಮಾರರಾಮ. ಕಂಪ್ಲಿಯಿಂದ ಸಂಡೂರಿನ ಗುಡ್ಡದವರೆಗೂ ಅವನ ಹೆಸರಿನ ಕೋಟೆ, ಕಲ್ಲು, ಪೂಜೆ ಸಿಗುತ್ತೆ. ಅವನಿಗಿರೋ ದೊಡ್ಡ ಬಿರುದು 'ಪರನಾರಿ ಸಹೋದರ'. ಕಥೆಯಲ್ಲಿ ಮಲತಾಯಿ ರತ್ನಾಜಿ ಅವನ ಮೇಲೆ ಮನಸು ಮಾಡ್ತಾಳೆ, ಅವನು ಒಪ್ಪಲ್ಲ, ಅವಳು ಸುಳ್ಳು ದೂರು ಕೊಡ್ತಾಳೆ, ಅಪ್ಪ ಮಗನ ತಲೆ ತೆಗೀರಿ ಅಂತಾನೆ, ಮಂತ್ರಿ ಬೈಚಪ್ಪ ಅವನನ್ನ ಬಚ್ಚಿಟ್ಟು ಬೇರೊಬ್ಬನ ತಲೆ ತೋರಿಸ್ತಾನೆ.

ನಂಗೆ ಕುಮಾರರಾಮ ಅಂದ್ರೆ ಇಷ್ಟ. ನೀತಿಯನ್ನ ಗಂಡಸಿನ ಮೇಲೆ ಹೊರಿಸಿದ ಕಥೆಗಳು ನಮ್ಮಲ್ಲಿ ಕಮ್ಮಿ, ಇದು ಅಂಥದ್ದು. ಆದ್ರೆ ಕಥೆ ಕೇಳಿ ಎದ್ದು ಬರೋರ ಬಾಯಲ್ಲಿ ಉಳಿಯೋದು 'ರತ್ನಾಜಿಯಿಂದ ರಾಜ್ಯ ಹಾಳಾಯ್ತು' ಅನ್ನೋ ಮಾತು. ಇತಿಹಾಸದಲ್ಲಿ ಆಗಿದ್ದೇನು? ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆ ಎದ್ದ ಅವನ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಓಡಿ ಬಂದು ಕಂಪಿಲರಾಯನ ಆಶ್ರಯ ಕೇಳಿದ. ಮೊರೆ ಬಂದವನನ್ನ ಒಪ್ಪಿಸಲ್ಲ ಅಂದ ಕಂಪಿಲರಾಯ. 1327ರಲ್ಲಿ ರಾಜ್ಯ ಹೋಯ್ತು, ರಾಜನೂ ಹೋದ. ಕೊಟ್ಟ ಮಾತಿಗೆ ಸತ್ತ ಊರು ಕಂಪ್ಲಿ. ಇಷ್ಟು ದೊಡ್ಡ ವಿಷಯ ಇದ್ರೂ ಬೈಗುಳ ಮಾತ್ರ ರತ್ನಾಜಿಗೆ.

(5)

ವಿಜಯನಗರ 1565ರಲ್ಲಿ ಬಿತ್ತು. ಅಚ್ಯುತಪೇಟೆಯ ಕಂಬಗಳ ಸಾಲು ಖಾಲಿ ಆಯ್ತು. ಗುಡಿಯ ಭೂಮಿ ಇಲ್ಲ, ಮಹಾನವಮಿ ಇಲ್ಲ, ಒಡವೆ ಇಲ್ಲ. ಆದ್ರೆ ಹೆಣ್ಣುಮಕ್ಕಳನ್ನ ದೇವರಿಗೆ ಬಿಡೋದು ನಿಲ್ಲಲಿಲ್ಲ, ಹಳ್ಳಿ ಕೇರಿಗಳಲ್ಲಿ ಬೇರೆ ರೂಪದಲ್ಲಿ ನಡೀತಾನೇ ಇತ್ತು.

ನಮ್ಮ ಬಳ್ಳಾರಿ ಸೀಮೆಯಲ್ಲಿ ಅದಕ್ಕೆ ಬಸವಿ ಬಿಡೋದು ಅಂತಿದ್ರು. 1890ರ ಹೊತ್ತಿಗೆ ಫಾಸೆಟ್ ಅನ್ನೋ ಬ್ರಿಟಿಷ್ ಪೊಲೀಸ್ ಅಧಿಕಾರಿ ಇದರ ಬಗ್ಗೆ ಉದ್ದದ ಲೇಖನ ಬರೆದ. ಅವನಿಗೆ ಆಶ್ಚರ್ಯ ಆಗಿದ್ದು ಇದು: ಗಂಡುಮಗ ಇಲ್ಲದ ಮನೆಯಲ್ಲಿ ಮಗಳನ್ನ ಬಸವಿ ಬಿಟ್ರೆ ಅವಳು ಮಗನ ಸ್ಥಾನಕ್ಕೆ ಬರ್ತಾಳೆ. ಅಪ್ಪನ ಆಸ್ತಿ ಅವಳಿಗೆ. ಅವಳ ಮಕ್ಕಳು ಅವಳ ಅಪ್ಪನ ಮನೆತನಕ್ಕೇ ಸೇರ್ತಾರೆ. ಅಂದ್ರೆ ಆ ಮಕ್ಕಳಿಗೆ 'ತಂದೆ ಯಾರು' ಅನ್ನೋ ಪ್ರಶ್ನೆ ಅಷ್ಟು ಕಾಡ್ತಿರಲಿಲ್ಲ, ಅಜ್ಜನ ಮನೆ ಹೆಸರು ಸಾಕಿತ್ತು. ಆ ಪ್ರಶ್ನೆ ಚೂಪಾಗಿದ್ದು ಶಾಲೆ ರಿಜಿಸ್ಟರ್, ಜಾತಿ ಪ್ರಮಾಣಪತ್ರ, ಅರ್ಜಿ ಫಾರ್ಮ್ ಬಂದ ಮೇಲೆ.

ಮತ್ತೆ ಹೇಳ್ತೀನಿ, ಇದನ್ನ ಸುಂದರವಾಗಿ ಚಿತ್ರಿಸಬೇಡಿ. ಬಸವಿ, ಜೋಗತಿ ಆದೋರಲ್ಲಿ ಹೆಚ್ಚಿನವರು ದಲಿತ ಕೇರಿಯ ಹುಡುಗಿಯರು. 'ಇಟ್ಕೊಂಡ'ವರು ಯಾರು? ಹೊಲ, ಗದ್ದೆ, ಪಟೇಲಿಕೆ ಇದ್ದೋರು. ಹಗಲು ಮುಟ್ಟಬಾರದು, ರಾತ್ರಿ ಆ ನಿಯಮ ಇಲ್ಲ. ಇದನ್ನ ಧರ್ಮ ಅಂತ ಕರೆದಿದ್ದೇ ದೊಡ್ಡ ಅಧರ್ಮ ಅನ್ನೋದು ನನ್ನ ಮಾತು.

ಕಾನೂನುಗಳ ಕಥೆ ಕೇಳಿ. 1909ರಲ್ಲಿ ಮೈಸೂರು ಸಂಸ್ಥಾನ ತನ್ನ ಮುಜರಾಯಿ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸ್ತು. ನಾವು ಆಗ ಮೈಸೂರಿನವರಲ್ಲ, ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ವರ್ಷಗಟ್ಟಲೆ ಹೋರಾಡಿದ ಮೇಲೆ 1947ರಲ್ಲಿ ಕಾನೂನು ಬಂತು. ಅವರ ತಾಯಿಯೇ ದೇವದಾಸಿ ಸಮುದಾಯದವರು, ಹಾಗಾಗಿ ಅವರಿಗೆ ಇದು ಭಾಷಣದ ವಿಷಯ ಆಗಿರಲಿಲ್ಲ. ಅವರಿಗೆ ಎದುರು ನಿಂತೋರು ಯಾರು ಗೊತ್ತಾ? ಬರೀ ಪುರೋಹಿತರಲ್ಲ. ಬೆಂಗಳೂರು ನಾಗರತ್ನಮ್ಮನಂಥ ದೊಡ್ಡ ಗಾಯಕಿ, ಸ್ವತಃ ದೇವದಾಸಿ ಮನೆತನದವರು. ನಮ್ಮ ಆಸ್ತಿ, ನಮ್ಮ ವಿದ್ಯೆ ಕಿತ್ಕೊಂಡು ನಮ್ಮನ್ನ ಉದ್ಧಾರ ಮಾಡ್ತೀವಿ ಅಂದ್ರೆ ಏನರ್ಥ ಅನ್ನೋದು ಅವರ ಕಡೆಯ ವಾದ. ನಾನು ಮುತ್ತುಲಕ್ಷ್ಮಿ ಪಕ್ಷ. ಆದ್ರೂ ನಾಗರತ್ನಮ್ಮನ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಿಬಿಟ್ವಿ ಅನ್ಸುತ್ತೆ.

ಸಂಡೂರಿನದು ಇನ್ನೊಂದು ತಮಾಷೆ. ಅದು ಘೋರ್ಪಡೆಯವರ ಪುಟ್ಟ ಸಂಸ್ಥಾನ, 1949ರವರೆಗೂ ಬೇರೆಯೇ, ಮದ್ರಾಸಿನ ಕಾಯ್ದೆ ಅಲ್ಲಿ ನಡೆಯಲ್ಲ. ಹಿಂದುಳಿದಿತ್ತು ಅಂತ ಅಂದ್ಕೋಬೇಡಿ. 1930ರ ದಶಕದ ಆರಂಭದಲ್ಲೇ ಅಲ್ಲಿಯ ರಾಜ ಕುಮಾರಸ್ವಾಮಿ ಗುಡಿಯನ್ನ ದಲಿತರಿಗೆ ತೆರೆದ. ತಿರುವಾಂಕೂರಿನ 1936ರ ಘೋಷಣೆಗಿಂತ ಮುಂಚೆ! ಗಾಂಧೀಜಿ ಮೆಚ್ಚಿದ್ರು, 1934ರಲ್ಲಿ ಸಂಡೂರಿಗೆ ಬಂದ್ರು. ಇದನ್ನ ನಮ್ಮ ಪಠ್ಯದಲ್ಲಿ ಯಾಕೆ ದೊಡ್ಡದಾಗಿ ಹಾಕಲ್ಲ ಅಂತ ನಂಗೆ ಸಿಟ್ಟಿದೆ. ಆದ್ರೆ ಹೆಣ್ಣುಮಕ್ಕಳು ಕುಮಾರಸ್ವಾಮಿಯ ದರ್ಶನ ಮಾಡಬಾರದು ಅನ್ನೋ ಹಳೇ ಪದ್ಧತಿ ಇತ್ತಲ್ಲ, ಅದಕ್ಕೆ ಯಾರೂ ಕೈ ಹಾಕಲಿಲ್ಲ. ಬಾಗಿಲು ಜಾತಿಗೆ ತೆರೀತು, ಹೆಣ್ಣಿಗೆ ತೆರೀಲಿಲ್ಲ.

(6)

1953ರಲ್ಲಿ ನಾವು ಮೈಸೂರಿಗೆ ಸೇರಿದ್ವಿ, 1982ರಲ್ಲಿ ಕರ್ನಾಟಕದ್ದೇ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಆಯ್ತು. ಅದರ ಶಿಕ್ಷೆ ಭಾಗ ಓದಿ. ಸಮರ್ಪಣೆ ಮಾಡಿಸಿದವರಿಗೆ 3 ವರ್ಷದವರೆಗೆ ಜೈಲು. ಮಾಡಿಸಿದವರು ತಂದೆ ತಾಯಿ ಅಥವಾ ಸಂಬಂಧಿಕರಾಗಿದ್ರೆ 5 ವರ್ಷದವರೆಗೆ. ಸರಿ. ಹುಡುಗಿ ದೇವರಿಗೆ ಬಿಟ್ಟವಳು ಅಂತ ಗೊತ್ತಿದ್ದೇ ಅವಳ ಮನೆ ಬಾಗಿಲಿಗೆ ಬಂದ ಗಂಡಸಿಗೆ? ಅವನ ಹೆಸರು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಬಡ ತಾಯಿ ಜೈಲಿಗೆ, ಅವನು ಪಂಚಾಯ್ತಿ ಕಟ್ಟೆಗೆ.

ಆರೋಗ್ಯದ ವಿಷಯಕ್ಕೂ ಅದೇ. ಎಚ್‌ಐವಿ ಬಗ್ಗೆ ನಮ್ಮ ಕಡೆ ಬೋರ್ಡುಗಳು ಬಿದ್ದಾಗ, ರೋಗ 'ಅವರಿಂದ' ಬಂತು ಅನ್ನೋ ಮಾತು ಹುಟ್ಟಿತು. ವೈರಸ್ ಹಾರ್ಕೊಂಡು ಹೋಗಲ್ಲ. ಒಬ್ಬ ಗಂಡಸು ಹೊತ್ಕೊಂಡು ಬಂದ್ರೇ ಅದು ಆ ಮನೆಗೆ ಬರೋದು, ಅವನೇ ಅದನ್ನ ತನ್ನ ಹೆಂಡತಿಗೂ ತಗೊಂಡು ಹೋಗೋದು. 2004ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾತ್ರೆ ಉಚಿತ. ದಿನಾ ತಪ್ಪದೆ ತಗೊಂಡ್ರೆ ಎಲ್ಲರಂಗೆ ಬದುಕಬಹುದು, ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದ್ರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡಲ್ಲ. ಇದನ್ನ ಯಾರೂ ಕ್ಲಾಸಲ್ಲಿ ಹೇಳಲ್ಲ, ಆ ಪಾಠ ಬಂದಾಗ 'ಮನೇಲಿ ಓದ್ಕೊಳ್ಳಿ' ಅಂತಾರೆ. ನಿಮಗೂ ಹಂಗೇ ಅಂದಿದ್ರು ತಾನೆ?

ರಾಜಕೀಯ ಅಂದ್ರೆ ಪಟ್ಟಿ. 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ 46,660 ದೇವದಾಸಿಯರು ಅಂತ ಲೆಕ್ಕ. ಆ ಪಟ್ಟಿಯಲ್ಲಿ ಹೆಸರಿದ್ರೆ ಮಾಸಾಶನ, ಮನೆ, ಸಾಲ. ಇಲ್ಲದಿದ್ರೆ ಏನೂ ಇಲ್ಲ. ಸಮೀಕ್ಷೆಯವರು ಬಂದ ದಿನ ಗುಳೆ ಹೋಗಿದ್ದೋರು, ನಾಚಿಕೆಗೆ ಬಾಗಿಲು ಹಾಕ್ಕೊಂಡಿದ್ದೋರು, ಆಮೇಲೆ ಗುಟ್ಟಾಗಿ ಬಿಡಲ್ಪಟ್ಟೋರು, ಇವರೆಲ್ಲ ಪಟ್ಟಿಯ ಹೊರಗೆ. ವರ್ಷಗಟ್ಟಲೆ ಮರುಸಮೀಕ್ಷೆ ಮಾಡಿ ಅಂತ ಧರಣಿ ಕೂತಿದ್ದು ಅದಕ್ಕೇ.

ಹೊಳೆಯ ಆಚೆ ದಂಡೆ ಹುಲಿಗಿಗೆ ನಾವೆಲ್ಲ ಹುಣ್ಣಿಮೆಗೆ ಹೋಗ್ತೀವಿ. ಮಂಜಮ್ಮ ಜೋಗತಿಯವರಿಗೆ ಮುತ್ತು ಕಟ್ಟಿದ್ದು ಅಲ್ಲೇ. ನಮ್ಮ ಮರಿಯಮ್ಮನಹಳ್ಳಿಯವರು, ಜಾನಪದ ಅಕಾಡೆಮಿ ಅಧ್ಯಕ್ಷೆ ಆದ್ರು, 2021ರಲ್ಲಿ ಪದ್ಮಶ್ರೀ ತಗೊಳ್ಳೋವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದ್ರಲ್ಲ, ಆ ವಿಡಿಯೋ ನಾವೆಲ್ಲ ಸ್ಟೇಟಸ್ ಹಾಕ್ಕೊಂಡಿದ್ವಿ. ಅದೇ ವಾರ ನಮ್ಮ ಬೀದಿಯಲ್ಲಿ ಜೋಗತಿಯರು ಚೌಡಿಕೆ ಹಿಡ್ಕೊಂಡು ಬಂದಾಗ ಗೇಟ್ ಹಾಕಿದ ಮನೆಗಳಲ್ಲಿ ನಮ್ಮ ಮನೆಯೂ ಒಂದು.

(7)

ಪಿಯುಸಿ ಮುಗಿದ ಮೇಲೆ ಒಂದು ಕಚೇರಿಯ ಮುಂದೆ ಸರ್ಟಿಫಿಕೇಟ್‌ಗೆ ಕ್ಯೂ ನಿಂತಿದ್ವಿ. ಅವಳು ನನಗಿಂತ ಇಬ್ಬರು ಮುಂದೆ. ಕೌಂಟರ್‌ನವರು ಫಾರ್ಮ್ ಮೇಲೆ ಪೆನ್ನಿಂದ ಬಡಿದು 'ಅಪ್ಪನ ಹೆಸರು ಬರೀಲಿಲ್ಲ' ಅಂದ್ರು. ಅವಳು ಏನೋ ಮೆಲ್ಲಗೆ ಹೇಳಿದ್ಲು. 'ಖಾಲಿ ಬಿಟ್ರೆ ತಗಳಲ್ಲಮ್ಮ, ಯಾವುದಾದ್ರೂ ಒಂದು ಹೆಸರು ಬರಿ' ಅಂದ್ರು, ಇಡೀ ಕ್ಯೂಗೆ ಕೇಳೋ ಥರ. ಹಿಂದೆ ಯಾರೋ ನಕ್ರು. ನಾನು ಈ ಸಲ ನಗಲಿಲ್ಲ, ಆದ್ರೆ ಮಾತೂ ಆಡಲಿಲ್ಲ. ಫೋನ್ ನೋಡ್ತಾ ನಿಂತೆ. ನೋಡೋಕೆ ಅದರಲ್ಲೇನೂ ಇರಲಿಲ್ಲ.

ಅವಳ ಅಜ್ಜಿಯನ್ನ ದೇವರಿಗೆ ಬಿಟ್ಟಿದ್ರು, ಅಮ್ಮನನ್ನೂ. ಅವಳನ್ನ ಬಿಡೋಕೆ ಅಮ್ಮ ಒಪ್ಪಲಿಲ್ಲ. ಜಗಳ ಮಾಡಿ ಹಳ್ಳಿ ಬಿಟ್ಟು ಹೊಸಪೇಟೆಗೆ ಬಂದು ಮನೆಗೆಲಸ ಮಾಡಿ ಓದಿಸಿದ್ರು. ಇದೆಲ್ಲ ನಂಗೆ ಹೋದ ವರ್ಷ, ಪಾಯಸ್‌ನ ಆ ಖಾಲಿ ಜಾಗದ ಫೋಟೋ ಸ್ಟೋರಿ ಹಾಕಿದಾಗ, ಅವಳು ಮೆಸೇಜ್ ಮಾಡಿ ಹೇಳಿದ್ದು.

ಆಗಲೇ ದಾರಿ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. 2015ರಲ್ಲಿ ಸುಪ್ರೀಂ ಕೋರ್ಟ್ ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಿ ಆಗಬಹುದು ಅಂದಿದೆ. 2016ರ ಕೊನೆಯಿಂದ ಪಾಸ್‌ಪೋರ್ಟ್‌ಗೆ ತಾಯಿ ತಂದೆಯಲ್ಲಿ ಒಬ್ಬರ ಹೆಸರು ಸಾಕು. 2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲವೂ ದೇವದಾಸಿಯರ ಮಕ್ಕಳಿಗೆ ತಂದೆಯ ಹೆಸರು ಕಡ್ಡಾಯ ಅಲ್ಲ, ತಂದೆಯ ಆಸ್ತಿಯಲ್ಲಿ ಹಕ್ಕು ಕೇಳಬಹುದು ಅನ್ನೋ ಮಸೂದೆ ಒಪ್ಪಿದೆ. ಈಗ ಯಾವ ಕೌಂಟರ್‌ನಲ್ಲಾದ್ರೂ ಯಾರಾದ್ರೂ ಪೆನ್ನಿಂದ ಬಡಿದ್ರೆ, ಇದನ್ನ ಜೋರಾಗಿ ಹೇಳಿ. ಕ್ಯೂಗೆಲ್ಲ ಕೇಳೋ ಥರ ಹೇಳಿ.

ಈ ಏಳು ಕಂತನ್ನೂ ಮೊದಲು ಅವಳಿಗೆ ಕಳಿಸಿದ್ದೆ. ಎರಡು ಕಡೆ 'ಪಾಪ' ಅಂತ ಬರೆದಿದ್ದೆ, ಎರಡನ್ನೂ ತೆಗೆಸಿದ್ಲು. ನಾನು ಶೂ ಲೇಸ್ ವಿಷಯ ತೆಗೆದಿದ್ದೆ, ಅದನ್ನ ವಾಪಸ್ ಹಾಕು ಅಂದ್ಲು. ಆ ಫಾರ್ಮ್‌ನಲ್ಲಿ ಕೊನೆಗೆ ಏನು ಬರೆದೆ ಅಂತ ಕೇಳಿದೆ. ಎರಡೂ ಕಡೆ ಅಮ್ಮನ ಹೆಸರೇ ಬರೆದ್ಲಂತೆ. ಕೌಂಟರ್‌ನವರು ಓದದೇ ಸೀಲ್ ಹಾಕಿದ್ರಂತೆ.

ಮುಂದಿನ ಸರಣಿ ರಾಯರ ಕೆರೆ ಬಗ್ಗೆ. ಹಳೇ ಫೋಟೋ ಇದ್ದೋರು ಕಳಿಸ್ರಿ, ನಿಮ್ಮ ಹೆಸರು ಹಾಕ್ತೀನಿ.

#ನಮ್ಮೂರಕಥೆ #ಹೊಸಪೇಟೆ #ನಾಗಲಾಪುರ #ಹಂಪಿ #ಸಂಡೂರು #ಕಂಪ್ಲಿ